ಕಣ್ಣಾರೆ ಕಂಡೆನೆಂದು ಬರೆದುಕೊಟ್ಟ ಎಸೆತ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ವಿಜಯವಾಡದ ಗವರ್ನರ್‌ಪೇಟೆಯ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಕೂತು ಒಬ್ಬ ಬಟ್ಟೆ ವ್ಯಾಪಾರಿಯ ಸಹಿಯನ್ನು ಮಾದರಿ ಸಹಿಯ ಕಾರ್ಡಿನ ಜೊತೆ ತಾಳೆ ನೋಡುತ್ತಿದ್ದೆ. ಕಾರ್ಡಿನಲ್ಲಿ ಸಹಿಯ ಬಾಲ ಎಡಕ್ಕೆ ತಿರುಗಿತ್ತು, ಚೀಟಿಯಲ್ಲಿ ಬಲಕ್ಕೆ. ವ್ಯಾಪಾರಿ ಕೌಂಟರಿನ ಆಚೆ ನಿಂತು ಬೆವರುತ್ತಿದ್ದ. ಅಷ್ಟರಲ್ಲಿ ಮ್ಯಾನೇಜರರ ಕೋಣೆಯಿಂದ ಅಟೆಂಡರ್ ಕೂಗಿದ, "ಸಾರ್, ಮೀಕೇ. ವೈಜಾಗ್ ನುಂಚಿ ಫೋನು!"

ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಫೋನಿನಲ್ಲಿ ಮಾತಾಡುವಷ್ಟು ಹೊತ್ತೂ ಏನು ಹೇಳಬೇಕೆಂದು ತೋಚದೆ ನಾನು ಎದುರಿನ ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತಿದ್ದೆ.

ವೈಜಾಗಿನಿಂದ ನನಗೆ ಫೋನು ಮಾಡಿದವರು ನಮ್ಮ ಹಳೆಯ ಮ್ಯಾನೇಜರರು, ಮೈಸೂರಿನವರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋದ ಮೂರೇ ತಿಂಗಳಲ್ಲಿ ಅಲ್ಲಿನ ಕನ್ನಡ ಸಂಘಕ್ಕೆ ಅಧ್ಯಕ್ಷರಾಗಿದ್ದರು.

"ನೋಡಪ್ಪ, ಈ ಸಲ ರಾಜ್ಯೋತ್ಸವಕ್ಕೆ ಒಬ್ಬ ಕ್ರೀಡಾಪಟುಗೆ ಸನ್ಮಾನ ಇಟ್ಕೊಂಡಿದೀವಿ. ಹೋದ ವರ್ಷ ಕೊಳಲು ನುಡಿಸೋರಿಗೆ ಮಾಡಿದ್ವಿ, ಹನ್ನೊಂದು ಜನ ಬಂದಿದ್ರು. ಅದರಲ್ಲಿ ನಾಲ್ಕು ಜನ ಅವರ ಮನೆಯೋರೇ. ಇವರು ನೌಕಾನೆಲೆ ಸ್ಟೋರಲ್ಲಿ ಕೆಲಸದಲ್ಲಿದಾರೆ. ಕಾಲೇಜಲ್ಲಿ ಜಾವೆಲಿನ್ ಎಸೀತಿದ್ರಂತೆ. ಹುಬ್ಬಳ್ಳಿ ಕಡೆಯೋರು, ನಿಮ್ಮ ಕಾಲೇಜೇ. ಅಭಿನಂದನೆಯ ಮಾತು ನೀವು ಆಡ್ಬೇಕು."

ನಾನು ದನಿ ತಗ್ಗಿಸಿದೆ. "ಸರ್, ಅವರದ್ದೇನೋ ಸ್ವಲ್ಪ ವಿವಾದ ಆಗಿತ್ತು..."

"ಗೊತ್ತು ಗೊತ್ತು. ರೆಫರಿಗೆ ಹೊಡೆದು ಡಿಬಾರ್ ಆದ್ರಂತೆ. ಒಳ್ಳೇದೇ ಆಯ್ತು, ಜನ ಸೇರ್ತಾರೆ. ನಿಮ್ಮ ಹೆಸರು ಆಮಂತ್ರಣಕ್ಕೆ ಕೊಟ್ಟಾಯ್ತು, ಪ್ರೆಸ್ಸಿಗೆ ಹೋಗಿದೆ."

ಅಚ್ಚಿಗೆ ಹೋದದ್ದನ್ನು ಬದಲಾಯಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನಾನು ಹೂಂ ಎಂದೆ. ಕೌಂಟರಿಗೆ ಮರಳಿ, ವ್ಯಾಪಾರಿಯ ಬಲಕ್ಕೆ ತಿರುಗಿದ ಬಾಲವನ್ನು ಏನೂ ಕೇಳದೆ ಒಪ್ಪಿಕೊಂಡೆ. ಸುಳ್ಳು ಸಹಿಯ ವಿಷಯದಲ್ಲಿ ಆ ದಿನ ಇನ್ನೊಬ್ಬರನ್ನು ಪ್ರಶ್ನಿಸುವ ಮುಖ ನನಗಿರಲಿಲ್ಲ.

ಆ ಭರ್ಜಿ ಎಸೆಯುವವನ ಆಟ ಮುಗಿದದ್ದು ನನ್ನ ಒಂದು ಸಹಿಯಿಂದ.

ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಮೈದಾನದಲ್ಲಿ ಅಂತರ ಕಾಲೇಜು ಕ್ರೀಡಾಕೂಟ ನಡೆಯಿತು. ಹಾಜರಿ ಸಿಗುತ್ತದೆಂಬ ಆಸೆಗೆ ನಾನು ಸ್ವಯಂಸೇವಕನಾಗಿದ್ದೆ. ಭರ್ಜಿ ಬೀಳುವ ಕಡೆ ನಿಂತು, ಮೊನೆ ಮೊದಲು ನೆಲಕ್ಕೆ ತಾಗಿದರೆ ಬಿಳಿ ಬಾವುಟ, ಇಲ್ಲದಿದ್ದರೆ ಕೆಂಪು ಎತ್ತುವ ಕೆಲಸ ಒಬ್ಬ ಅಧ್ಯಾಪಕರದು. ಕೊನೆಯ ಸುತ್ತಿಗೆ ಅವರಿಗೆ ಬಾಯಾರಿತು. "ಇದನ್ನ ಹಿಡಿ, ಮಜ್ಜಿಗಿ ಕುಡದು ಬರ್ತೀನಿ," ಎಂದು ಎರಡೂ ಬಾವುಟ ನನ್ನ ಕೈಗೆ ಕೊಟ್ಟು ಹೋದರು. ಎಲ್ಲಿ ನಿಲ್ಲಬೇಕೆಂದು ಹೇಳಲಿಲ್ಲ. ಚೆನ್ನಾಗಿ ಕಾಣಲಿ ಎಂದು ನಾನು ಭರ್ಜಿ ಬೀಳಬೇಕಾದ ಎರಡು ಗೆರೆಗಳ ನಟ್ಟನಡುವೆ ನಿಂತೆ.

ಆಗ ಅವನು ಎಸೆದ. ಭರ್ಜಿ ಮೇಲೇರಿತು; ಬಿಸಿಲಿಗೆ ಒಮ್ಮೆ ಮಿಂಚಿತು. ಆಮೇಲೆ ಅದು ಉದ್ದವಾಗಿ ಕಾಣುವುದು ನಿಂತು ಬರೀ ಒಂದು ಚುಕ್ಕೆಯಾಯಿತು. ಎಂಟೂವರೆ ಅಡಿಯ ಭರ್ಜಿ ಚುಕ್ಕೆಯಂತೆ ಕಂಡರೆ ಅದು ಸೀದಾ ನಮ್ಮ ಕಡೆಗೇ ಬರುತ್ತಿದೆ ಎಂದು ಅರ್ಥ. ಕಣ್ಣು ಮುಚ್ಚಿ ಅಂಗಾತ ಬಿದ್ದೆ. ಕಿವಿಯ ಪಕ್ಕ 'ಸುಂಯ್' ಎಂದದ್ದು ಮಾತ್ರ ಗೊತ್ತು. ಈಗಲೂ ಯಾರಾದರೂ ಟಿ.ವಿ. ಆಂಟೆನಾದ ಪೈಪು ಹೊತ್ತು ಎದುರಿಗೆ ಬಂದರೆ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ.

ಬಿದ್ದಾಗ ಆಸರೆಗೆಂದು ಒಂದು ಕೈ ಮೇಲಕ್ಕೆ ಹೋಗಿತ್ತು. ಆ ಕೈಯಲ್ಲಿದ್ದದ್ದು ಕೆಂಪು ಬಾವುಟ.

ಕಣ್ಣು ಬಿಟ್ಟಾಗ ಭರ್ಜಿ ನನ್ನ ಪಕ್ಕ ಮಲಗಿತ್ತು. ದೂರದಲ್ಲಿ ಗದ್ದಲ. ಅವನು ಮೈದಾನದೊಳಗೆ ನುಗ್ಗಿದನಂತೆ, ಅಡ್ಡ ಬಂದ ಮುಖ್ಯ ತೀರ್ಪುಗಾರರು ಉರುಳಿ ಬಿದ್ದರಂತೆ, ಅವರ ಕನ್ನಡಕ ಒಡೆಯಿತಂತೆ. ನಾಲ್ಕು ಜನ ಅವನನ್ನು ಹಿಡಿದುಕೊಂಡಿದ್ದರು. ಕೆಂಪು ಬಾವುಟ ನೋಡಿ ತಲೆ ಕೆಟ್ಟು ತೀರ್ಪುಗಾರರ ಮೇಲೆ ಕೈ ಮಾಡಿದ ಎಂದು ಎಲ್ಲರೂ ಅಂದುಕೊಂಡರು. ಅಧ್ಯಾಪಕರು ಮೀಸೆಯ ಮೇಲಿನ ಮಜ್ಜಿಗೆ ಒರೆಸುತ್ತ ಓಡಿ ಬಂದು, "ಕೆಂಪು ಎತ್ತೀಯಲ್ಲ? ಹಂಗಾರ ಬರದು ಸಹಿ ಮಾಡು," ಎಂದು ಹಾಳೆ ಚಾಚಿದರು. 'ಮೊನೆ ಮೊದಲು ತಾಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು ಸಹಿ ಹಾಕಿದೆ. ಅವನಿಗೆ ಎರಡು ವರ್ಷ ನಿಷೇಧವಾಯಿತು. ಅವನು ಕಾಲೇಜು ಬಿಟ್ಟ. ನನಗೆ ಹಾಜರಿ ಸಿಕ್ಕಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಆ ಫೋನು ಬಂದ ದಿನದಿಂದ ಮಲಗಿದರೆ ಸಾಕು, ಮುಚ್ಚಿದ ಕಣ್ಣೊಳಗೆ ಅದೇ ಚುಕ್ಕೆ ಬರತೊಡಗಿತು. ಮೂರನೆಯ ದಿನ ಅವಳೇ ಕೇಳಿದಳು.

"ಏನ್ರೀ, ರಾತ್ರಿಯೆಲ್ಲಾ ಬಾವುಟಾ ಬಾವುಟಾ ಅಂತೀರಿ. ರಾಜ್ಯೋತ್ಸವದ್ದು ಅಷ್ಟು ಚಿಂತಿ ಯಾಕ? ನಾಲ್ಕ ಮಾತಾಡಿ, ಉಂಡು ಬರ್ರಿ."

ನಾಲ್ಕು ಪುಟ ಬರೆದುಕೊಂಡೆ. ಅದರಲ್ಲಿ ಗ್ರೀಸ್ ದೇಶ ಇತ್ತು, ಕ್ರೀಡಾ ಮನೋಭಾವ ಇತ್ತು, ಆರೋಗ್ಯವಂತ ದೇಹ ಇತ್ತು. ಆ ಒಂದು ದಿನ ಮಾತ್ರ ಇರಲಿಲ್ಲ.

ಶನಿವಾರ ಮಧ್ಯಾಹ್ನ ವಿಶಾಖಪಟ್ಟಣದಲ್ಲಿ ರೈಲು ಇಳಿದರೆ, ಪ್ಲಾಟ್‌ಫಾರ್ಮಿನಲ್ಲಿ ಅವನೇ ನಿಂತಿದ್ದ. ತಲೆ ಸ್ವಲ್ಪ ಬೋಳಾಗಿತ್ತು. ಭುಜ ಹಾಗೆಯೇ ಇತ್ತು. ನನ್ನನ್ನು ಕಂಡವನೇ ಎರಡೂ ಕೈ ಅಗಲಿಸಿ ಬಂದ. ಹೊಡೆಯಲು ಬಂದನೆಂದು ನಾನು ಸೂಟ್‌ಕೇಸನ್ನು ಎದೆಗೆ ಅಡ್ಡ ಹಿಡಿದೆ. ಅವನು ಸೂಟ್‌ಕೇಸಿನ ಸಮೇತ ಅಪ್ಪಿಕೊಂಡ.

"ಬಂದ್ಯೇನಲೇ! ನನ್ನ ಸಾಕ್ಷಿ ಬಂದ! ಎಷ್ಟ್ ವರ್ಷ ಆತೋ ಮಾರಾಯಾ!"

ಅವನ ಕ್ವಾರ್ಟರ್ಸಿಗೆ ಹೋದೆವು. ಹೆಂಡತಿ ಚಹಾ ತಂದಿಟ್ಟರು. ಬೀರುವಿನ ಮೇಲೆ, ಹಳೆಯ ಸೀರೆ ಸುತ್ತಿದ ಉದ್ದನೆಯ ವಸ್ತು ಇತ್ತು. ಏನೆಂದು ಕೇಳುವ ಅಗತ್ಯ ಬೀಳಲಿಲ್ಲ; ಕೇಳದೆಯೇ ನನ್ನ ಕುರ್ಚಿ ಪಕ್ಕಕ್ಕೆ ಸರಿಯಿತು.

ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಕನ್ನಡ ಅರ್ಥವಾಗುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ತೆಲುಗು. ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಕೇಳಿದಳು: "ಅಂಕಲ್, ಆ ರೋಜು ಮೀರು ಚೂಶಾರಾ?"

ಆ ದಿನ ನೀವು ನೋಡಿದಿರಾ? ಇಷ್ಟೇ ಪ್ರಶ್ನೆ. ಚಹಾ ಚೆನ್ನಾಗಿದೆ ಎಂದೆ.

ಅವಳು ಅಡುಗೆಮನೆಗೆ ಹೋದ ಮೇಲೆ ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ಹೋದ ಬ್ಯಾಸಿಗಿಗೆ ಊರಿಗೆ ಹೋದಾಗ ಯಾರೋ ಆಕಿಗೆ ಹೇಳ್ಯಾರ, ನಿಮ್ಮಪ್ಪ ಮಾಸ್ತರಗ ಬಡದು ಕಾಲೇಜಿಂದ ಹೊರಗ ಬಿದ್ದಾಂವ ಅಂತ. ಅವತ್ತಿಂದ ನನ್ನ ಮಾತ ಕೇಳಂಗಿಲ್ಲ. 'ಅಪ್ಪಾ, ಮೊದಲ ನೀನು ಸರಿ ಇರು' ಅಂತಾಳ. ಸಂಘದವರು ಶಾಲು ಹೊದಿಸಿದರ ಬಿಟ್ಟರ ನನಗೇನೂ ಇಲ್ಲ. ನಾಳೆ ಆಕಿ ಮುಂದಿನ ಸಾಲಿನ್ಯಾಗ ಕುಂತಿರ್ತಾಳ. ನೀ ಏನ್ ಕಂಡ್ಯೋ ಅದನ್ನ ಹೇಳು. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ."

ಅಷ್ಟು ಸಣ್ಣ ಬೇಡಿಕೆ. ನಾನು ಕಂಡದ್ದೇ ಏನೂ ಇಲ್ಲ ಎಂಬುದೊಂದೇ ತೊಂದರೆ.

ಭಾನುವಾರ ಬೆಳಿಗ್ಗೆ ಕಾರ್ಯಕ್ರಮ. ಅವನ ಹೆಂಡತಿ ಮಗಳು ಆಟೋದಲ್ಲಿ ಮುಂದೆ ಹೋದರು. ನಮ್ಮದು ಸ್ಕೂಟರು. ಭರ್ಜಿ ಆಟೋದಲ್ಲಿ ಹಿಡಿಯದ ಕಾರಣ ಅದನ್ನು ಹಿಡಿದು ಹಿಂದೆ ಕೂರುವ ಗೌರವ ನನಗೆ ಬಂತು. ಅಧ್ಯಕ್ಷರ ಅಪ್ಪಣೆಯಂತೆ ನಾನು ಜರಿ ಅಂಚಿನ ಪಂಚೆ ಉಟ್ಟಿದ್ದೆ. ಹೆಗಲ ಮೇಲೆ ಭರ್ಜಿ, ಮುಂದೆ ಅವನ ಬೋಳುತಲೆ, ಪಕ್ಕದಲ್ಲಿ ಸಮುದ್ರ. ಮೊನೆ ಮುಂದಿದ್ದರೆ ಅವನ ಕಿವಿಗೆ ಅಪಾಯ, ಹಿಂದಿದ್ದರೆ ಹಿಂದಿನ ಬಸ್ಸಿನ ಡ್ರೈವರಿಗೆ. ಒಂದು ಸರ್ಕಲ್ಲಿನಲ್ಲಿ ಪೊಲೀಸಿನವನು ಸೀಟಿ ಊದಿ, ಭರ್ಜಿ ತೋರಿಸಿ ಇದೇನೆಂದು ಕೇಳಿದ.

"ಏಂಟಂಡೀ ಇದಿ?"

"ಸನ್ಮಾನಮಂಡೀ," ಎಂದ ಅವನು ಬಹಳ ಗಂಭೀರವಾಗಿ. ಪೊಲೀಸಿನವನು ನನ್ನ ಪಂಚೆ ನೋಡಿ, ಭರ್ಜಿ ನೋಡಿ, ಕೈ ಬೀಸಿ ಕಳಿಸಿಬಿಟ್ಟ.

ಸಂಘದವರು ಒಂದು ಶಾಲೆಯ ಮೈದಾನವನ್ನು ಕೇಳಿ ಪಡೆದಿದ್ದರು. ಶಾಮಿಯಾನದ ಕೆಳಗೆ ಬ್ಯಾಂಕಿನವರು, ನೌಕಾಪಡೆಯವರು, ಅವರ ಸಂಸಾರಗಳು. ಎಲ್ಲ ಸೇರಿ ಇನ್ನೂರು ಜನರಾದರೂ ಇದ್ದರು. ಅಧ್ಯಕ್ಷರು ಹಿಗ್ಗಿ ಹೋಗಿದ್ದರು. ಅಚ್ಚಾದ ಕಾರ್ಯಕ್ರಮದ ಪಟ್ಟಿ ನನ್ನ ಕೈಗಿತ್ತರು: ಪ್ರಾರ್ಥನೆ, ಸ್ವಾಗತ, ಸನ್ಮಾನ, ಭರ್ಜಿ ಎಸೆತದ ಪ್ರಾತ್ಯಕ್ಷಿಕೆ, ಅಭಿನಂದನಾ ನುಡಿ, ವಂದನಾರ್ಪಣೆ, ಬಿಸಿಬೇಳೆ ಭಾತ್.

"ಸರ್, ಎಸೆಯೋದು ಮೊದಲು ಇಟ್ಟು ಆಮೇಲೆ ಸನ್ಮಾನ ಮಾಡಬಹುದಿತ್ತು," ಎಂದೆ.

"ಅಚ್ಚಾಗಿದೆಯಲ್ಲಪ್ಪ," ಎಂದರು ಅವರು. ಆಮೇಲೆ ನನ್ನ ಕೈಗೆ ಇನ್ನೆರಡು ವಸ್ತು ಇಟ್ಟರು. ಒಂದು ಬಿಳಿ ಬಾವುಟ, ಒಂದು ಕೆಂಪು. "ನೀವೂ ಆವತ್ತು ಮೈದಾನದಲ್ಲಿ ಬಾವುಟ ಹಿಡಿದಿದ್ರಂತೆ! ಅವರೇ ಹೇಳಿದ್ರು. ಹಳೇ ನೆನಪಿಗೆ ಇವತ್ತೂ ನೀವೇ ನಿಂತ್ಕೊಬೇಕು."

ಸನ್ಮಾನವಾಯಿತು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ತಲೆಗೆ ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರೂ ವೇದಿಕೆಯ ಅಂಚಿಗೆ ಬಂದು ಫೋಟೋಕ್ಕೆ ನಕ್ಕರು. ಆಗ ಫೋಟೋದವನು ಕ್ಯಾಮೆರಾದಲ್ಲಿ ರೋಲು ಮುಗಿದಿದೆ ಎಂದ. ಹೊಸ ರೋಲು ತರಲು ಅವನು ಸೈಕಲ್ ಹತ್ತಿ ಹೋದ.

ನಮ್ಮ ಸಂಘಗಳಲ್ಲಿ ಒಂದು ಕಟ್ಟಳೆಯಿದೆ. ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಫೋಟೋ ತೆಗೆಯುವವರೆಗೆ ಸನ್ಮಾನಿತರು ಪೇಟ ತೆಗೆಯುವಂತಿಲ್ಲ.

"ಹಂಗಾದ್ರ ಅಂವ ಬರೂತನಾ ಕಾಯೂಣು," ಎಂದ ಭರ್ಜಿಯವನು.

"ಆಗಲ್ಲ ಸಾರ್, ಶಾಲೆಯವರು ಹನ್ನೆರಡೂವರೆಗೆ ಖಾಲಿ ಮಾಡಿ ಅಂದಿದಾರೆ. ನೀವು ಹೀಗೇ ಎಸೆದುಬಿಡಿ. ಇನ್ನೂ ಚೆನ್ನಾಗಿ ಕಾಣುತ್ತೆ," ಎಂದರು ಅಧ್ಯಕ್ಷರು.

ಹೀಗೆ ಆ ಮನುಷ್ಯ ಮೈಸೂರು ಪೇಟ ಇಟ್ಟುಕೊಂಡು, ಶಾಲನ್ನು ಸೊಂಟಕ್ಕೆ ಬಿಗಿದು, ಗಂಧದ ಹಾರವನ್ನು ಬೆನ್ನ ಮೇಲೆ ತಿರುಗಿಸಿಕೊಂಡು, ಭರ್ಜಿ ಎತ್ತಿ ನಿಂತ. ನಾನು ಈ ಸಲ ಜಾಣನಾಗಿದ್ದೆ. ಗೆರೆಯ ಹೊರಗೆ, ಸಾಕಷ್ಟು ದೂರ, ಒಂದು ಬೇವಿನ ಗಿಡದ ಪಕ್ಕ ನಿಂತೆ. ಅಲ್ಲಿಗೆ ಭರ್ಜಿ ಬರುವುದು ಸಾಧ್ಯವೇ ಇರಲಿಲ್ಲ.

ಅವನು ಓಡಿದ. ಏಳನೆಯ ಹೆಜ್ಜೆಗೆ ಪೇಟ ಕಣ್ಣಿನ ಮೇಲೆ ಇಳಿಯಿತು. ಓಡುವಾಗ ನಿಲ್ಲಲು ಅವನಿಗೆ ಬರುತ್ತಿರಲಿಲ್ಲ, ಎಂದೂ ಬಂದಿರಲಿಲ್ಲ. ಕುರುಡನಂತೆ ಎರಡು ಹೆಜ್ಜೆ ವಾಲಿ, ಪೂರ್ತಿ ಬಲ ಹಾಕಿ ಎಸೆದೇಬಿಟ್ಟ.

ಭರ್ಜಿ ಮೇಲೇರಿತು. ಮಿಂಚಿತು. ಚುಕ್ಕೆಯಾಯಿತು.

ಓಡಬೇಕೆಂದು ತಲೆ ಹೇಳಿತು, ಕಾಲು ಕೇಳಲಿಲ್ಲ. ಕಣ್ಣು ಮುಚ್ಚೋಣವೆಂದರೆ ಅದೂ ಆಗಲಿಲ್ಲ. ರೆಪ್ಪೆಗಳನ್ನು ಯಾರೋ ಹಿಡಿದುಕೊಂಡ ಹಾಗಿತ್ತು. ಧೈರ್ಯದಿಂದ ನೋಡುತ್ತ ನಿಂತೆ ಎಂದು ಆಮೇಲೆ ಕೆಲವರು ಹೊಗಳಿದರು. ಅದು ಧೈರ್ಯವಲ್ಲ. ಮೊನೆಯ ಮೇಲೆ ಬಳಿದ ಬಣ್ಣ ಎಲ್ಲೆಲ್ಲಿ ಚಕ್ಕೆ ಎದ್ದಿತ್ತು ಎಂಬುದನ್ನೂ ನಾನು ಇವತ್ತಿಗೂ ಹೇಳಬಲ್ಲೆ. ಅದು ಬಂತು, ನನ್ನ ಎರಡು ಕಾಲುಗಳ ನಡುವೆ ಇಳಿಬಿದ್ದಿದ್ದ ಪಂಚೆಯ ನೆರಿಗೆಯನ್ನು ಹೊಕ್ಕು, 'ಥಕ್' ಎಂದು ನೆಲಕ್ಕೆ ನಾಟಿ, ನಡುಗುತ್ತ ನಿಂತಿತು.

ನಾನು ಹಿಂದಕ್ಕೆ ಹೋಗಲು ನೋಡಿದೆ. ಪಂಚೆ ಬರಲಿಲ್ಲ. ಜೋರಾಗಿ ಎಳೆದೆ. ಪರ್‍ರೆಂದು ಹರಿಯಿತು. ಇನ್ನೂರು ಕನ್ನಡಿಗರ ಎದುರು ನಾನು ಎಡಗೈಯಲ್ಲಿ ಮಾನ ಹಿಡಿದುಕೊಂಡು, ಬಲಗೈಯಲ್ಲಿ ಬಿಳಿ ಬಾವುಟ ಎತ್ತಿದೆ. ಕೈ ನಡುಗುತ್ತಿದ್ದುದರಿಂದ ಬಾವುಟ ಬಹಳ ಉತ್ಸಾಹದಿಂದ ಬೀಸಿದಂತೆ ಕಂಡಿರಬೇಕು. ಚಪ್ಪಾಳೆಯೋ ಚಪ್ಪಾಳೆ.

ಪೇಟ ಕಿತ್ತೆಸೆದು ಅವನು ಓಡಿ ಬಂದ. ಮೊದಲು ನನ್ನ ತಲೆ, ಭುಜ, ತೊಡೆ ಎಲ್ಲ ಒತ್ತಿ ನೋಡಿದ. "ಎಲ್ಲೂ ಹತ್ತಿಲ್ಲ ಹೌದಿಲ್ಲೋ? ಹೇಳಲೇ, ಹತ್ತಿಲ್ಲ ಹೌದಿಲ್ಲೋ?" ಅವನು ಸೊಂಟದ ಶಾಲು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದ.

ಅದೇ ಶಾಲಿನಲ್ಲಿ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಪಟ್ಟಿಯಲ್ಲಿ ಮುಂದಿನದು ಅಭಿನಂದನಾ ನುಡಿ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ನಾಲ್ಕು ಪುಟ ಹರಿದ ಪಂಚೆಯ ಜೊತೆ ಎಲ್ಲೋ ಹೋಗಿತ್ತು. ಮುಂದಿನ ಸಾಲಿನಲ್ಲಿ ಆ ಹುಡುಗಿ ಕುಳಿತಿದ್ದಳು.

"ಇವತ್ತಿನ ಎಸೆತವನ್ನು ನಾನು ಕಣ್ಣಾರೆ ಕಂಡೆ," ಎಂದೆ. ಜನ ನಕ್ಕರು. "ಆವತ್ತಿನದನ್ನು ಕಾಣಲಿಲ್ಲ. ಕಣ್ಣು ಮುಚ್ಚಿ ಬಿದ್ದಿದ್ದೆ. ಬಿದ್ದಾಗ ಮೇಲೆ ಹೋದ ಕೈಯಲ್ಲಿ ಕೆಂಪು ಬಾವುಟ ಇತ್ತು, ಅಷ್ಟೇ. ಆಮೇಲೆ ನೋಡಿದ್ದೇನೆ ಅಂತ ಬರೆದು ಸಹಿ ಹಾಕಿದೆ. ಇವರ ಆಟ ಹಾಳಾದದ್ದು ನನ್ನಿಂದ."

ಈಗ ಯಾರೂ ನಗಲಿಲ್ಲ. ಬಿಸಿಬೇಳೆ ಭಾತಿನ ಹಂಡೆಯ ಹತ್ತಿರ ಒಂದು ಸೌಟು ಬಿದ್ದ ಸದ್ದು ಕೇಳಿಸಿತು. ಆ ಹುಡುಗಿ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

ಮೊದಲು ಚೇತರಿಸಿಕೊಂಡವರು ಅಧ್ಯಕ್ಷರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು, ತಪ್ಪು ದಾಖಲೆಯೊಂದು ಹಾಗೇ ಉಳಿಯುವುದನ್ನು ಸಹಿಸಲಾರರು. ಅಲ್ಲೇ ಸಂಘದ ನಡಾವಳಿ ಪುಸ್ತಕ ತರಿಸಿ, ಆ ಹಳೆಯ ಎಸೆತ ಸಿಂಧುವೆಂದು ಈ ಸಭೆ ಭಾವಿಸುತ್ತದೆ ಎಂಬ ಠರಾವು ಮಂಡಿಸಿದರು.

"ಸಾರ್, ಕಾಣಲಿಲ್ಲ ಅಂತಾರೆ ಇವರು. ಹಾಗಿದ್ರೆ ಸಿಂಧು ಅಂತ ಹೆಂಗೆ ಬರೆಯೋದು?" ಎಂದರು ನೌಕಾಪಡೆಯವರೊಬ್ಬರು.

"ಸರಿ. 'ಅಸಿಂಧು ಎಂಬುದಕ್ಕೆ ಸಾಕ್ಷಿಯಿಲ್ಲ' ಅಂತ ಹಾಕ್ಕೊಳ್ಳಿ," ಎಂದರು ಅಧ್ಯಕ್ಷರು. ಠರಾವು ಸರ್ವಾನುಮತದಿಂದ ಪಾಸಾಯಿತು. ನಾನು ಸಾಕ್ಷಿಯ ಸಹಿ ಹಾಕಿದೆ. ಈ ಸಲ ಎರಡು ಬಾರಿ ಓದಿ. ಅಷ್ಟರಲ್ಲಿ ಹೊಸ ರೋಲು ಬಂತು. ಫೋಟೋದಲ್ಲಿ ಶಾಲು ನನ್ನ ಮೈಮೇಲಿದೆ, ಪೇಟ ಯಾರೋ ಮಗುವಿನ ತಲೆಯ ಮೇಲಿದೆ, ಸನ್ಮಾನಿತನ ಕೈಯಲ್ಲಿ ಬರೀ ಭರ್ಜಿ.

ಸ್ಟೇಷನ್ನಿಗೆ ಅವನೇ ಬಿಟ್ಟ. ರೈಲು ಹೊರಡುವಾಗ, "ನನ್ನಿಂದ ತಪ್ಪಾತು," ಎಂದೆ. "ಆತು ಬಿಡು," ಎಂದ. ಕ್ಷಮಿಸಿದನೋ, ಇನ್ನು ನಿನ್ನ ಸಹವಾಸ ಸಾಕೆಂದನೋ, ದನಿಯಿಂದ ತಿಳಿಯಲಿಲ್ಲ.

ವಿಜಯವಾಡಕ್ಕೆ ಬಂದ ಮೇಲೆ ನಿದ್ದೆ ಇನ್ನೂ ಕೆಟ್ಟಿತು. ಮೊದಲು ಒಂದು ಚುಕ್ಕೆ ಬರುತ್ತಿತ್ತು, ಈಗ ಎರಡು. ಒಂದು ಕಣ್ಣು ಮುಚ್ಚಿದಾಗಿನದು, ಇನ್ನೊಂದು ತೆರೆದಿದ್ದಾಗಿನದು. ಬೆಂಜ್ ಸರ್ಕಲ್ಲಿನಲ್ಲಿ ಕಬ್ಬಿಣದ ಸರಳು ಹೇರಿದ ಗಾಡಿಯ ಹಿಂದೆ ಸಿಕ್ಕಿಕೊಂಡು ಒಮ್ಮೆ ಸಿಟಿ ಬಸ್ಸಿನಿಂದ ಇಳಿದೇಬಿಟ್ಟೆ. ಹೆಂಡತಿಗೆ ಎಲ್ಲ ಹೇಳಿದ್ದೆ. "ಖರೇ ಹೇಳಿ ಬಂದೀರಿ, ಇನ್ನೇನ್ರೀ ನಿಮ್ಮ ಗೋಳು?" ಎನ್ನುತ್ತಿದ್ದಳು. ನನಗಾದರೂ ಏನು ಗೊತ್ತಿತ್ತು?

ಸಂಕ್ರಾಂತಿ ಮುಗಿದ ಮೊದಲ ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ಬಂದರೆ, ನಮ್ಮ ಹಾಲಿನಲ್ಲಿ ಅವನು ಬನಿಯನ್ನಿನಲ್ಲೇ ಕುಳಿತು ನನ್ನ ಹೆಂಡತಿ ಮಾಡಿದ ರೊಟ್ಟಿ ಜುಣಕ ತಿನ್ನುತ್ತಿದ್ದ. ಗನ್ನವರಂ ಹತ್ತಿರದ ಒಂದು ಶಾಲೆಗೆ ಮಕ್ಕಳ ಕ್ರೀಡಾಕೂಟಕ್ಕೆ ಬಂದಿದ್ದನಂತೆ. ಮಗಳು ಗುಂಡು ಎಸೆತದಲ್ಲಿ ಇದ್ದಳು, ಅಪ್ಪನೇ ಕಲಿಸಿದ್ದು. ಅವಳು ಶಾಲೆಯವರ ಜೊತೆ ಉಳಿದಿದ್ದಳು. ನನಗಾಗಿ ಒಂದು ಪೊಟ್ಟಣ ತಂದಿದ್ದ. ಅದರೊಳಗೆ ಹೊಲಿದು ಇಸ್ತ್ರಿ ಮಾಡಿದ ನನ್ನ ಪಂಚೆ.

"ಮಗಳು ಈಗ ಮಾತ ಕೇಳ್ತಾಳೇನೋ?" ಎಂದೆ ಮೆಲ್ಲಗೆ.

"ಅರ್ಧ ಕೇಳ್ತಾಳ. ರೆಫರಿನ್ನ ಯಾಕ ಕೆಡವಿದಿ ಅಂತ ಕೇಳಿದ್ಲು, ಹೇಳಿದೆ." ರೊಟ್ಟಿ ಮುರಿದುಕೊಂಡ. "ನಿನಗೂ ಹೇಳಬೇಕಲ್ಲ. ನಾ ಆವತ್ತು ಬಾವುಟಾ ನೋಡೇ ಇಲ್ಲಲೇ. ನೀ ದೊಪ್ಪನ ಬಿದ್ದಿ, ಜಾವೆಲಿನ್ ನಿನ್ನ ಮೈಮ್ಯಾಲ ಬಿದ್ದಂಗ ಕಾಣಿಸ್ತು. ಸತ್ತ ಅನಕೊಂಡೆ. ನಿನ್ನ ಕಡೆ ಓಡ್ಲಿಕ್ಕತ್ತಿದ್ದೆ. ಆ ಮನಶ್ಯಾ ನಡುವ ಬಂದು ಬಿದ್ದ."

ನಾನು ಕೈ ತೊಳೆಯಲು ಎದ್ದವನು ಅಲ್ಲೇ ಕುಳಿತೆ. ಶಾಲೆಯ ಮೈದಾನದಲ್ಲಿ ನನ್ನ ತಲೆ, ಭುಜ, ತೊಡೆ ಒತ್ತಿ ನೋಡಿದ್ದ ಆ ಕೈಗಳು ಈಗ ಜುಣಕದಲ್ಲಿದ್ದವು.

"ಮತ್ತ ಆವಾಗ್ಲೇ ಯಾಕ ಹೇಳಲಿಲ್ಲ?"

"ಯಾರಿಗೆ? ನೀನೇ ಕಣ್ಣಾರೆ ಕಂಡೀನಿ ಅಂತ ಬರಕೊಟ್ಟಿದ್ದಿ. ನಾ ಓಡಿ ಬಂದದ್ದನ್ನೂ ಕಂಡಿರ್ತಾನ, ಇವತ್ತ್ ಹೇಳ್ತಾನ, ನಾಳೆ ಹೇಳ್ತಾನ ಅಂತ ನಾಲ್ಕ್ ದಿನಾ ಕಾದೆ. ಆಮ್ಯಾಲ ಸಿಟ್ಟು ಬಂತು, ಊರ ಬಿಟ್ಟೆ. ಆಮ್ಯಾಲ ಯಾವಾಗೋ ತಿಳೀತು, ನೀ ಕಣ್ಣ ಮುಚ್ಚಿರಬೇಕು ಅಂತ."

"ಹೆಂಗ ತಿಳೀತು?"

"ಕಣ್ಣ ತೆರದಾಂವ ಯಾವನರ ಅಲ್ಲಿ ನಿಂದರ್ತಾನೇನಲೇ?"

ಅಡುಗೆಮನೆಯಲ್ಲಿ ನನ್ನ ಹೆಂಡತಿ ಜೋರಾಗಿ ನಕ್ಕಳು. ಬಹಳ ಹೊತ್ತು ನಕ್ಕಳು.

"ಹಂಗಾರ ವೈಜಾಗಿನ್ಯಾಗ ಯಾಕ ನನ್ನ ಸಾಕ್ಷಿ ಕೇಳಿದಿ?"

"ನೀ ಹೇಳ್ತಿಯೋ ಇಲ್ಲೋ ನೋಡಬೇಕಿತ್ತು," ಎಂದ. "ಸ್ಟೇಷನ್ನಿನ್ಯಾಗ 'ಆತು ಬಿಡು' ಅಂದೆನಲ್ಲ, ನಿನಗ ಕೇಳಿಸಲಿಲ್ಲೇನು?"

ಆ ಎಸೆತದಲ್ಲಿ ಮೊನೆ ಮೊದಲು ತಾಗಿತ್ತೋ ಇಲ್ಲವೋ, ಅದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅವನು ನನ್ನನ್ನು ನೋಡುತ್ತಿದ್ದ, ನಾನು ಏನನ್ನೂ ನೋಡುತ್ತಿರಲಿಲ್ಲ.

ಅವತ್ತು ಅವನು ನಮ್ಮಲ್ಲೇ ಉಳಿದ. ಊಟವಾದ ಮೇಲೆ ಹಾಲಿನಲ್ಲಿ ಚಾಪೆ ಹಾಸಿಕೊಟ್ಟೆ. ನಾನು ಒಳಗೆ ಹೋಗಿ ತಲೆ ಇಟ್ಟದ್ದು ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು, ಬೀದಿಯಲ್ಲಿ ತರಕಾರಿಯವಳ ಕೂಗು, ಗಡಿಯಾರದಲ್ಲಿ ಎಂಟೂಕಾಲು. ಒಂದು ಚುಕ್ಕೆಯೂ ಬಂದಿರಲಿಲ್ಲ.

ಹೆಂಡತಿ ಕೆಂಪು ಕಣ್ಣು ಮಾಡಿಕೊಂಡು ಚಹಾದ ಲೋಟ ತಂದು ಕುಕ್ಕಿದಳು.

"ಹೊರಗ ಒಬ್ಬರು, ಒಳಗ ಒಬ್ಬರು. ಅವರ ಗೊರಕಿ ಇಳಿದ್ರ ನಿಮ್ಮದು ಏರತೈತಿ. ನಾ ಒಂದ್ ಮಿನಿಟ್ ಕಣ್ಣ ಮುಚ್ಚಿಲ್ಲರಿ. ಎಲ್ಲಾ ಕಣ್ಣಾರೆ ಕಂಡೀನಿ."